ಅಣು ಎದ್ದು ಹೋಯಿತೋ, ದೀಪ ಆರಿತೋ

ಅವಳನ್ನು ನಾನು ಮೊದಲು ಕಂಡದ್ದು ಬೇಸಿಗೆಯ ಒಂದು ಮಧ್ಯಾಹ್ನ, ನಮ್ಮ ಕಟ್ಟಡದ ಎದುರಿನ ಬಸ್ ನಿಲ್ದಾಣದಲ್ಲಿ. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುವಂಥ ಬಿಸಿಲು. ತಗಡಿನ ಚಾವಣಿಯ ಕೆಳಗೆ ನಿಂತವರೆಲ್ಲ ಕೈಗೆ ಸಿಕ್ಕಿದ್ದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ, ಬಸ್ಸಿನಿಂದ ಇಳಿದ ಈ ಹುಡುಗಿ ಮಾತ್ರ ಕತ್ತಿನವರೆಗೂ ಗುಂಡಿ ಹಾಕಿದ ದಪ್ಪ ಉಣ್ಣೆಯ ಸ್ವೆಟರ್ ತೊಟ್ಟಿದ್ದಳು. ಮೂವತ್ತು ದಾಟಿದ ಹೆಂಗಸನ್ನು ಹುಡುಗಿ ಎನ್ನುತ್ತಾಳಲ್ಲ ಎಂದುಕೊಳ್ಳಬೇಡಿ. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಶಾಲೆಯಲ್ಲಿ ಮಕ್ಕಳ ಹಣೆ ಮುಟ್ಟಿ ನೋಡುತ್ತಿದ್ದ ಅಭ್ಯಾಸ ನಿವೃತ್ತಿಯಾದರೂ ನನ್ನನ್ನು ಬಿಟ್ಟಿರಲಿಲ್ಲ. ಜ್ವರವೇನಮ್ಮ ಎಂದು ಕೇಳಿಯೇಬಿಟ್ಟೆ.

“ಇಲ್ಲ ಟೀಚರ್, ಕೆಲಸದಿಂದ ಬಂದೆ. ಬಿಚ್ಚೋದು ಮರೆತೇಹೋಯ್ತು” ಎಂದು ಅವಳು ಗುಂಡಿಗಳಿಗೆ ಕೈ ಹಾಕಿದಳು.

ನಾನು ಟೀಚರೆಂದು ಅವಳಿಗೆ ಹೇಗೆ ತಿಳಿಯಿತೆಂದು ವಿಚಾರಿಸಿದೆ. “ಗುರುತಿಲ್ಲದವರನ್ನ ನಿಲ್ಲಿಸಿ ಜ್ವರವೇನಮ್ಮ ಅಂತ ಇನ್ಯಾರು ಕೇಳ್ತಾರೆ?” ಎಂದಳು. ಅಲ್ಲಿಗೆ ನಮ್ಮ ಪರಿಚಯವಾಯಿತು.

ನಮ್ಮ ಕಟ್ಟಡದ ಮೂರನೆಯ ಮಹಡಿಗೆ ಅವಳು ಗಂಡ ಮತ್ತು ಅತ್ತೆಯೊಡನೆ ಅದೇ ತಿಂಗಳು ಬಾಡಿಗೆಗೆ ಬಂದಿದ್ದಳು. ಬೀದಿಯ ಮಕ್ಕಳು ಆಗಲೇ ಅವಳಿಗೆ ‘ಸ್ವೆಟರಕ್ಕ’ ಎಂದು ಹೆಸರಿಟ್ಟಾಗಿತ್ತು. ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಲಿಫ್ಟುಗಳು ಅವನ ಕೈಯಲ್ಲಿ ಸರಿಯಾಗುತ್ತಿದ್ದವು. ನಮ್ಮ ಕಟ್ಟಡದ ಲಿಫ್ಟನ್ನು ಮಾತ್ರ ಅವನು ಮುಟ್ಟುವಂತಿರಲಿಲ್ಲ, ಏಕೆಂದರೆ ಅದರ ಉಸ್ತುವಾರಿ ಬೇರೆ ಕಂಪೆನಿಯದು. ಅದು ಕೆಟ್ಟಾಗಲೆಲ್ಲ ಅವನೂ ನಮ್ಮಂತೆಯೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ. ಹತ್ತುವಾಗ ಅದರ ಯಾವ ತಿರುಪು ಸಡಿಲವಾಗಿದೆ ಎಂಬುದನ್ನು ಎಲ್ಲರಿಗೂ ವಿವರಿಸುತ್ತಿದ್ದ. ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಒಂದು ಕಾಲಕ್ಕೆ ಊರಿನ ಮಾತೆಲ್ಲ ಅವರ ಕೈ ದಾಟಿಯೇ ಹೋಗುತ್ತಿತ್ತಂತೆ. ಈಗ ಮಾತನಾಡುವುದಕ್ಕೆ ಯಾರೂ ಇಲ್ಲದೆ ಬಾಲ್ಕನಿಯಲ್ಲಿ ಕುಳಿತಿರುತ್ತಿದ್ದರು. ಸಂಜೆ ನಾನು ಮೇಲೆ ಹೋದರೆ ಅವರ ಮುಖ ಅರಳುತ್ತಿತ್ತು.

ಸೊಸೆಗೆ ಏನು ಕೆಲಸವೆಂದು ನಾನು ಅವರನ್ನೇ ಮೊದಲು ಕೇಳಿದ್ದು. “ಏನಿಲ್ಲ ಟೀಚರಮ್ಮ, ಕತ್ತಲೆಯಲ್ಲಿ ಕೂತು ಚುಕ್ಕಿ ನೋಡ್ತಾಳೆ” ಎಂದರು. “ಯಾವುದು ಬಂತು, ಎಷ್ಟು ಹೊತ್ತು ಕೂತಿತ್ತು, ಯಾವಾಗ ಎದ್ದು ಹೋಯ್ತು, ಅದೇ ಕೆಲಸ. ಅದಕ್ಕೆ ಸಂಬಳ ಬೇರೆ. ಈ ಬೀದಿಯಲ್ಲಿ ಯಾರ ಮನೆಗೆ ಯಾರು ಬಂದ್ರು, ಎಷ್ಟು ಹೊತ್ತು ಕೂತ್ರು ಅಂತ ನಾನು ಬಿಟ್ಟಿಯಾಗೇ ನೋಡ್ತಿದೀನಿ.”

ಅವರು ತಮಾಷೆಗೆ ಹೇಳಿದರೆಂದು ನಾನು ತಿಳಿದಿದ್ದೆ. ಆಮೇಲೆ ನೋಡಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳ ಸಂಶೋಧನಾಲಯದಲ್ಲಿ ಮನೆಯವರಿಗೂ ಸ್ನೇಹಿತರಿಗೂ ಬಾಗಿಲು ತೆರೆಯುವ ಒಂದು ದಿನವಿತ್ತು. ಅತ್ತೆಯವರ ಜೊತೆಗೆ ನನ್ನನ್ನೂ ಕರೆದೊಯ್ದಳು. ಉದ್ದನೆಯ ಓಣಿ, ಅದರ ಕೊನೆಯಲ್ಲಿ ಎರಡು ಕಪ್ಪು ಪರದೆ, ಪರದೆಯಾಚೆ ಮಂಚದಷ್ಟು ದೊಡ್ಡ ಉಕ್ಕಿನ ಮೇಜು. ಹೊರಗೆ ಲಾರಿ ಹೋದರೂ ಅಲುಗಾಡಬಾರದೆಂದು ಆ ಮೇಜನ್ನು ಗಾಳಿ ತುಂಬಿದ ಕಾಲುಗಳ ಮೇಲೆ ನಿಲ್ಲಿಸಿದ್ದರು. ಅದರ ಮೇಲೆ ಸೂಕ್ಷ್ಮದರ್ಶಕ. ಯಂತ್ರಗಳು ಬಿಸಿಯಾದರೆ ಫೋಕಸ್ ಜಾರುತ್ತದೆಂದು ಕೋಣೆಯನ್ನು ನಡುಕ ಬರುವಷ್ಟು ತಣ್ಣಗಿಟ್ಟಿದ್ದರು. ಆದರೆ ನೋಡುವ ಜೀವಕೋಶಗಳು ಬದುಕಿರಬೇಕಲ್ಲ, ಅವುಗಳಿಗೆ ಮಾತ್ರ ಮೈ ಬಿಸಿಯಷ್ಟೇ ಬಿಸಿಯಿರುವ ಪುಟ್ಟ ಪೆಟ್ಟಿಗೆ. ಅವುಗಳಿಗೆ ರಾಜೋಪಚಾರ, ನನಗೆ ಸ್ವೆಟರ್ ಎಂದು ಅವಳು ನಕ್ಕಳು.

ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಜೀವಕೋಶದ ಸುತ್ತ ಒಂದು ತೆಳುವಾದ ಪೊರೆಯಿದೆ. ಒಳಗೆ ಲೆಕ್ಕವಿಲ್ಲದಷ್ಟು ಪ್ರೋಟೀನ್ ಅಣುಗಳು ಓಡಾಡುತ್ತಿರುತ್ತವೆ. ಹೊರಗಿನಿಂದ ಏನಾದರೂ ಸುದ್ದಿ ಬಂದಾಗ ಕೆಲವು ಪ್ರೋಟೀನುಗಳು ಓಡಿಬಂದು ಪೊರೆಗೆ ಒಳಗಡೆಯಿಂದ ಅಂಟಿ ಕೂರುತ್ತವೆ, ಕೆಲಸ ಮುಗಿದ ಮೇಲೆ ಬಿಟ್ಟು ಹೋಗುತ್ತವೆ. ಎಷ್ಟು ಹೊತ್ತು ಕೂರುತ್ತವೆಂಬುದರ ಮೇಲೆ ಆ ಕೋಶ ಬೆಳೆಯಬೇಕೋ ಸುಮ್ಮನಿರಬೇಕೋ ಎಂಬುದು ನಿಂತಿದೆಯಂತೆ. ಹಾಗೆ ಬಂದು ಕೂರುವ ಒಂದು ಪ್ರೋಟೀನೇ ಅವಳ ಪಾಲಿನದು. ಅದಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟುತ್ತಾರೆ. ಎಲ್ಲಕ್ಕೂ ಕಟ್ಟಿದರೆ ಕಣ್ಣು ಕುಕ್ಕುವ ಬೆಳಕಿನ ಹೊರತು ಏನೂ ಕಾಣದು; ಆದ್ದರಿಂದ ಅಲ್ಲೊಂದು ಇಲ್ಲೊಂದಕ್ಕೆ ಮಾತ್ರ. ಕೋಶ ಗಾಜಿನ ಮೇಲೆ ಕುಳಿತಿರುತ್ತದೆ. ಗಾಜಿನ ಅಡಿಯಿಂದ ಲೇಸರ್ ಬೆಳಕನ್ನು ಎಷ್ಟು ಓರೆಯಾಗಿ ಬಿಡುತ್ತಾರೆಂದರೆ, ಅದು ಗಾಜನ್ನು ದಾಟದೆ ಹಿಂದಕ್ಕೆ ತಿರುಗುತ್ತದೆ. ಗಾಜಿಗೆ ತಾಗಿಕೊಂಡ ಪದರಕ್ಕಷ್ಟೇ ಆ ಬೆಳಕಿನ ಸೋಂಕು. ತಲೆಗೂದಲೊಂದನ್ನು ನೂರಾರು ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟು ದಪ್ಪವೋ ಅಷ್ಟು. ಕೋಶದ ತಳದ ಪೊರೆ ಇರುವುದು ಸರಿಯಾಗಿ ಅಲ್ಲಿಯೇ.

ಕಂಪ್ಯೂಟರ್ ಪರದೆಯ ಮೇಲೆ ಕತ್ತಲು. ಒಂದು ಚುಕ್ಕಿ ಫಕ್ಕನೆ ಬೆಳಗಿತು, ಅಲ್ಲಿಯೇ ನಿಂತಿತು, ಮಾಯವಾಯಿತು. ಆಚೆ ಮತ್ತೊಂದು. ಓಡಾಡುವ ಅಣುಗಳು ಅಷ್ಟು ವೇಗವಾಗಿ ಹೋಗುತ್ತವಾದ್ದರಿಂದ ಕಣ್ಣಿಗೆ ಮಂಜಿನಂತಷ್ಟೇ ಕಾಣುತ್ತವೆ. ಪೊರೆಗೆ ಅಂಟಿ ನಿಂತಾಗ ಮಾತ್ರ ಚುಕ್ಕಿ. ಒಂದು ಚುಕ್ಕಿ ಎಂದರೆ ಒಂದೇ ಒಂದು ಅಣು. ನಾನು ಒಂದೊಂದನ್ನೂ ಎಣಿಸುತ್ತ ನೋಡಿದೆ. ಅತ್ತೆಯವರು ಎರಡು ನಿಮಿಷ ನೋಡಿ, ಇವಕ್ಕೆ ಒಂದು ಕಡೆ ಕೂರುವ ಸಮಾಧಾನವೇ ಇಲ್ಲವಲ್ಲ, ನಿನ್ನ ಗಂಡನ ಹಾಗೆ ಎಂದು ತೀರ್ಪು ಕೊಟ್ಟರು.

ಸಮಾಧಾನವಿಲ್ಲ ಎಂಬುದೇ ಅವಳ ಸಂಶೋಧನೆಯ ಸಾರವೂ ಆಗಿತ್ತು. ಆ ಪ್ರೋಟೀನು ಪೊರೆಯ ಮೇಲೆ ಒಂದು ಸೆಕೆಂಡು ಕೂಡ ಕೂರುವುದಿಲ್ಲ, ಮುಟ್ಟಿದೆ ಎನ್ನುವಷ್ಟರಲ್ಲಿ ಎದ್ದು ಹೋಗುತ್ತದೆ ಎಂದು ಅವಳು ಎರಡು ವರ್ಷ ಅಳೆದು ಕಂಡುಕೊಂಡಿದ್ದಳು. ಅದುವರೆಗೆ ಯಾರೂ ಅಷ್ಟು ಕಡಿಮೆಯೆಂದು ಎಣಿಸಿರಲಿಲ್ಲ. ಅವಳ ಮೇಲಿನವರು, ಬಿಳಿಗಡ್ಡದ ಪ್ರೊಫೆಸರ್, ಕಂಡಕಂಡವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗುತ್ತಿದ್ದರು. ಲೇಖನ ವಿಜ್ಞಾನ ಪತ್ರಿಕೆಗೆ ಹೋಗಿತ್ತು. ಇದೆಲ್ಲದರ ಜೊತೆಗೆ ಇನ್ನೊಂದು ಮಾತೂ ಇತ್ತು. ಅವಳ ಕೆಲಸ ವರ್ಷ ವರ್ಷವೂ ಮುಂದುವರಿಸುವ ಗುತ್ತಿಗೆಯದು. ಆ ವರ್ಷ ಅಲ್ಲಿ ಒಂದು ಕಾಯಂ ಹುದ್ದೆ ತೆರೆದಿತ್ತು. ಈ ಫಲಿತಾಂಶದ ಬಲದಿಂದ ಅದು ಅವಳಿಗೇ ಎಂದು ಎಲ್ಲರೂ ಖಚಿತವಾಗಿ ನಂಬಿದ್ದರು. ಅತ್ತೆಯವರಂತೂ ಸಂದರ್ಶನಕ್ಕೆ ಮೊದಲೇ ಅಡುಗೆಮನೆಯ ಕಿಟಕಿಗೆ ಹೊಸ ಪರದೆ ಹೊಲಿಯಲು ಹಾಕಿದ್ದರು. ಕಾಯಂ ಆದವರು ಹಳೆಯ ಪರದೆಯಲ್ಲಿ ಇರಬಾರದೆಂದು ಅವರ ವಾದ.

ಆಗ ಲೇಸರ್ ಕೈಕೊಟ್ಟಿತು.

ಪೂರ್ತಿ ಕೆಟ್ಟಿದ್ದರೆ ರಿಪೇರಿಯವರು ಬರುವತನಕ ಅವಳು ಮನೆಯಲ್ಲಿ ಹಾಯಾಗಿರುತ್ತಿದ್ದಳು. ಅದು ಕೆಡಲಿಲ್ಲ, ಮಂಕಾಯಿತು. ಹೊಸ ಬಿಡಿಭಾಗ ಬರುವುದು ತಡವೆಂದರು. ಸುಮ್ಮನೆ ಕೂರಲಾರದೆ ಅವಳು ಆ ಮಂಕು ಬೆಳಕಿನಲ್ಲಿಯೇ ಚಿತ್ರ ತೆಗೆದಳು. ಚುಕ್ಕಿಗಳೂ ಮಂಕಾಗಿದ್ದವು, ಅದು ಸರಿಯೇ. ಆದರೆ ಅವು ಹೆಚ್ಚು ಹೊತ್ತು ಕೂರುತ್ತಿದ್ದವು. ಪ್ರೊಫೆಸರರಿಗೆ ತೋರಿಸಿದಳು. ಅವರು, ಬೆಳಕು ಕಡಿಮೆಯಾಗಿ ಕೋಶಗಳು ಆರಾಮವಾಗಿವೆ ಎಂದು ಹೇಳಿ, ಸಂದರ್ಶನಕ್ಕೆ ತಯಾರಾಗು ಎಂದು ಬೆನ್ನು ತಟ್ಟಿ ಕಳುಹಿಸಿದರು. ಅವಳು ತಯಾರಾಗಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಯೋಚಿಸುತ್ತ ಕುಳಿತು ನಮ್ಮ ನಿಲ್ದಾಣವನ್ನು ದಾಟಿ ಡಿಪೋವರೆಗೆ ಹೋಗಿಬಿಟ್ಟಳಂತೆ. ಕಂಡಕ್ಟರನು ಎಬ್ಬಿಸಲು ಬಂದು, ಕಣ್ಣು ತೆರೆದೇ ಇರುವುದನ್ನು ಕಂಡು ಹೆದರಿದನಂತೆ.

ಅವಳ ತಲೆಯಲ್ಲಿ ಕೊರೆಯುತ್ತಿದ್ದುದು ಇಷ್ಟು. ಚುಕ್ಕಿ ಮಾಯವಾಗಲು ಎರಡು ಕಾರಣಗಳುಂಟು. ಅಣು ಎದ್ದು ಹೋಗಿರಬಹುದು. ಅಥವಾ ಅಣು ಅಲ್ಲಿಯೇ ಇದ್ದು ಅದಕ್ಕೆ ಕಟ್ಟಿದ ಬಣ್ಣ ಬೆಳಕಿನ ಹೊಡೆತಕ್ಕೆ ಸುಟ್ಟುಹೋಗಿರಬಹುದು. ನೋಡುವವರಿಗೆ ಎರಡೂ ಒಂದೇ. ಇದು ಆ ವೃತ್ತಿಯವರೆಲ್ಲರೂ ಬಲ್ಲ ಸಂಗತಿ. ಅವಳೂ ಬಲ್ಲಳು, ಆರಂಭದಲ್ಲಿಯೇ ಪರೀಕ್ಷೆ ಮಾಡಿದ್ದಳು. ಕೋಶಗಳನ್ನು ಔಷಧಿ ಹಾಕಿ ಸಾಯಿಸಿ, ಯಾವ ಅಣುವೂ ಅಲುಗಾಡದಂತೆ ಬಿಗಿದು, ಬಣ್ಣ ಎಷ್ಟು ಹೊತ್ತು ಉರಿಯುತ್ತದೆಂದು ಅಳೆದಿದ್ದಳು. ಬೇಕಾದಷ್ಟು ಹೊತ್ತು ಉರಿದಿತ್ತು. ಹಾಗಾಗಿ ದೀಪ ಆರುವುದಿಲ್ಲ, ಅಣುವೇ ಹೋಗುತ್ತದೆ ಎಂದು ಧೈರ್ಯವಾಗಿದ್ದಳು. ಆದರೆ ಸತ್ತ ಕೋಶಗಳನ್ನು ಇಡಲು ಅವರಲ್ಲಿ ಒಂದು ದ್ರಾವಣವಿದೆ. ಎಲ್ಲರೂ ಅದನ್ನೇ ಬಳಸುತ್ತಾರೆ, ಕಪಾಟಿನ ಮುಂದಿನ ಸಾಲಿನಲ್ಲಿಯೇ ಸೀಸೆ ಇರುತ್ತದೆ. ಬಣ್ಣ ಬೇಗ ಮಂಕಾಗದಿರಲೆಂದು ಅದಕ್ಕೆ ಒಂದು ಮದ್ದು ಬೆರೆಸಿರುತ್ತಾರೆ. ಬದುಕಿರುವ ಕೋಶಕ್ಕೆ ಆ ಮದ್ದು ಎಲ್ಲಿಂದ ಬರಬೇಕು? ಸತ್ತವುಗಳ ಮನೆಯಲ್ಲಿ ದೀಪ ಚೆನ್ನಾಗಿ ಉರಿಯಿತೆಂದು ಬದುಕಿರುವವುಗಳ ಮನೆಯಲ್ಲಿಯೂ ಉರಿಯುತ್ತದೆಂದು ಅವಳು ನಂಬಿದ್ದಳು.

ಮಾರನೆಯ ದಿನ ಬದುಕಿರುವ ಕೋಶಗಳಲ್ಲಿಯೇ ಪರೀಕ್ಷಿಸಿದಳು. ಬೆಳಕನ್ನು ಒಂದು ಮಿಣುಕು ಹಚ್ಚಿ, ಆರಿಸಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಹಚ್ಚಿ ನೋಡಿದಳು. ಮೊದಲು ಕಂಡ ಚುಕ್ಕಿ ಎರಡನೆಯ ಸಲವೂ ಇತ್ತು. ಮೂರನೆಯ ಸಲವೂ ಅಲ್ಲಿಯೇ ಇತ್ತು.

ಆ ಭಾನುವಾರ ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿದ್ದೆ. ಅತ್ತೆಯವರು ಹೊಸ ಪರದೆಗೆ ಕೊಂಡಿ ಸಿಕ್ಕಿಸುತ್ತಿದ್ದರು. ಮಗ ಸೋರುವ ನಲ್ಲಿಯನ್ನು ಬಿಚ್ಚಿಕೊಂಡು ನೆಲದ ಮೇಲೆ ಕುಳಿತಿದ್ದ. ಅವಳು ಟೀ ಸೋಸುತ್ತ, ತಿರುಗಿ ನೋಡದೆಯೇ ವಿಷಯ ತೆಗೆದಳು.

“ಅದು ಎದ್ದು ಹೋಗ್ತಿರಲಿಲ್ಲ ಅತ್ತೆ. ಅಲ್ಲೇ ಕೂತಿತ್ತು. ದೀಪ ಆರ್ತಿತ್ತು, ಅಷ್ಟೆ. ಎರಡು ವರ್ಷದಿಂದ ನಾನು ಅಳೆದಿರೋದು ಬಣ್ಣದ ಆಯಸ್ಸು.”

ಅತ್ತೆಯವರು ಕೊಂಡಿಯನ್ನು ಕೆಳಗಿಟ್ಟರು. “ಇದು ಯಾರ್‍ಯಾರಿಗೆ ಗೊತ್ತು?”

“ನನಗೆ. ಈಗ ನಿಮಗೆ.”

“ಸಂದರ್ಶನ ಬುಧವಾರ ಅಲ್ವಾ? ಹಾಗಾದ್ರೆ ಗುರುವಾರ ಹೇಳು.”

“ಅತ್ತೆ.”

“ನಾನೇನು ಸುಳ್ಳು ಹೇಳು ಅಂದ್ನಾ? ನಿಜಾನೇ ಹೇಳು, ಸ್ವಲ್ಪ ನಿಧಾನವಾಗಿ ಹೇಳು ಅಂದೆ.”

ನೆಲದ ಮೇಲಿಂದ ಮಗ ಬಾಯಿ ಹಾಕಿದ. “ಲಿಫ್ಟ್ ಕೆಟ್ಟಿದೆ ಅಂತ ಗೊತ್ತಾದ ಮೇಲೆ ಬೋರ್ಡು ನಾಳೆ ಹಾಕೋಣ ಅನ್ನೋಕಾಗುತ್ತಾ ಅಮ್ಮ?”

“ನಿನ್ನ ಲಿಫ್ಟಲ್ಲಿ ಜನ ಬೀಳ್ತಾರೆ ಕಣೋ. ಇದರಲ್ಲಿ ಯಾರು ಬೀಳ್ತಾರೆ? ಆ ಚುಕ್ಕಿ ಬೀಳುತ್ತಾ?”

“ಬೀಳ್ತಾರೆ ಅತ್ತೆ” ಎಂದಳು ಸೊಸೆ. “ಪಕ್ಕದ ಲ್ಯಾಬಿನವರು ನನ್ನ ಅಳತೆ ನಂಬಿಕೊಂಡು ಒಂದು ಔಷಧಿ ಪರೀಕ್ಷೆಗೆ ಕೈ ಹಾಕಿದಾರೆ. ಅವರ ವರ್ಷವೂ ಹಾಳಾಗುತ್ತೆ.”

ಅತ್ತೆಯೂ ಸೊಸೆಯೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಅವಳು ಕೊಟ್ಟ ಟೀ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ. ಅವಳು ಆಗಲೇ ನಿಶ್ಚಯಿಸಿಯೇ ಅಡುಗೆಮನೆಗೆ ಬಂದಿದ್ದಳು. ಅತ್ತೆಯವರಿಗೂ ಅದು ಗೊತ್ತಾಯಿತು. ಪರದೆಯನ್ನು ಮಡಿಸಿ ಕಪಾಟಿನ ಮೇಲಿಟ್ಟರು. ಅಲ್ಲಿಂದ ಮುಂದೆ ಕೆಲವು ದಿನ ಅವರು ಸೊಸೆಯೊಡನೆ ನೇರವಾಗಿ ಮಾತನಾಡಲಿಲ್ಲ. ಹೇಳಬೇಕಾದ್ದನ್ನು ಫ್ರಿಜ್ಜಿಗೆ ಹೇಳುತ್ತಿದ್ದರು. “ಕೆಲವರಿಗೆ ಊಟ ಆರಿಹೋದರೂ ಪರವಾಗಿಲ್ಲ, ದೀಪದ್ದೇ ಚಿಂತೆ” ಎಂದು ಅವರು ಫ್ರಿಜ್ಜಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಸೋಮವಾರ ಬೆಳಗ್ಗೆ ಅವಳು ಪ್ರೊಫೆಸರರ ಕೋಣೆಗೆ ಹೋದಳು. ಅವರು ಅವಳ ಹೊಸ ಚಿತ್ರಗಳನ್ನು ಒಂದಲ್ಲ ಹತ್ತು ಸಲ ಓಡಿಸಿ ನೋಡಿದರಂತೆ. ಆ ಅಳತೆಯನ್ನು ಅವರೂ ಎಷ್ಟು ಕಡೆ ಸಾರಿಕೊಂಡು ಬಂದಿದ್ದರು, ಪಾಪ. ಬೈಯುವರೆಂದು ಅವಳು ಕಾದು ನಿಂತಿದ್ದಳು. ಕೊನೆಗೆ ಅವರು ಕನ್ನಡಕ ತೆಗೆದು, “ಆ ಪರೀಕ್ಷೇನ ನಾನೂ ನೋಡಿ ಸರಿ ಅಂದಿದ್ದೆನಲ್ಲಮ್ಮ. ಸೀಸೆ ನನ್ನ ಕಣ್ಣೆದುರೇ ಇತ್ತು” ಎಂದರು. ಆಮೇಲೆ ಲೇಖನವನ್ನು ಹಿಂದಕ್ಕೆ ಪಡೆಯುವುದಾಗಿ ಪತ್ರಿಕೆಯವರಿಗೆ ತಿಳಿಸಿದರು, ಪಕ್ಕದ ಲ್ಯಾಬಿಗೆ ತಾವೇ ನಡೆದು ಹೋಗಿ ಹೇಳಿದರು. ಸಂದರ್ಶನಕ್ಕೆ ಹೋಗುವುದೋ ಬಿಡುವುದೋ ನಿನಗೆ ಸೇರಿದ್ದು ಎಂದರು. ಅವಳು ಹೋದಳು.

ಸಂದರ್ಶನದಲ್ಲಿ ಅವಳು ಮೊದಲ ಮಾತಿಗೇ ತಪ್ಪನ್ನು ಹೇಳಿ, ಹಳೆಯದು ಹೊಸದು ಎರಡೂ ಚಿತ್ರಗಳನ್ನು ತೋರಿಸಿದಳು. ಸಮಿತಿಯಲ್ಲಿದ್ದ ದಪ್ಪ ಹುಬ್ಬಿನ ಹಿರಿಯರೊಬ್ಬರು, ಹಾಗಾದರೆ ಈ ಎರಡು ವರ್ಷ ನೀವು ಮಾಡಿದ್ದಾದರೂ ಏನು ಎಂದು ಕೇಳಿದರು. ಅವಳು ಏನು ಹೇಳಿದಳೆಂಬುದನ್ನು ಅವಳ ಗಂಡ ಇಂದಿಗೂ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಾನೆ. “ಈ ಬಣ್ಣ ಬದುಕಿರೋ ಕೋಶದಲ್ಲಿ ಎಷ್ಟು ಹೊತ್ತು ಉರಿಯುತ್ತೆ ಅಂತ ನನ್ನಷ್ಟು ಚೆನ್ನಾಗಿ ಯಾರೂ ಅಳೆದಿಲ್ಲ ಸರ್” ಎಂದಳಂತೆ. ಯಾರೋ ನಕ್ಕರು. ಹುದ್ದೆ ಬೇರೊಬ್ಬರಿಗೆ ಹೋಯಿತು.

ಆಮೇಲಿನದು ನಿಧಾನದ ಕೆಲಸ. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು, ಅವಳು ಮೊದಲಿನಿಂದ ಶುರು ಮಾಡಿದಳು. ಬೆಳಕನ್ನು ಹಚ್ಚಿ ಆರಿಸಿ ನೋಡುವುದರಲ್ಲಿಯೂ ತೊಡಕಿದೆ: ಕತ್ತಲಾಗಿದ್ದಾಗ ಒಂದು ಚುಕ್ಕಿ ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿದ್ದರೆ? ಅದಕ್ಕಾಗಿ ಬಣ್ಣ ಕಟ್ಟಿದ ಅಣುಗಳನ್ನು ಇನ್ನೂ ವಿರಳ ಮಾಡಿದಳು. ಒಂದು ಕೋಶದಲ್ಲಿ ಬೆರಳೆಣಿಕೆಯ ಚುಕ್ಕಿಗಳು. ಕೆಲವು ದಿನ ಅದೂ ಇಲ್ಲ. ಇವತ್ತು ಎಷ್ಟು ಜನ ಬಂದಿದ್ದರು ಎಂದು ಅತ್ತೆಯವರು ಸಂಜೆ ಕೇಳುತ್ತಿದ್ದರು. ಫ್ರಿಜ್ಜಿನ ಮಧ್ಯಸ್ಥಿಕೆ ಅಷ್ಟರಲ್ಲಿ ಮುಗಿದಿತ್ತು. ಇಬ್ಬರೇ ಎಂದು ಸೊಸೆ ಹೇಳಿದರೆ, ಆಹಾ, ಏನು ವ್ಯಾಪಾರ ಎಂದು ನಕ್ಕು ಬಡಿಸುತ್ತಿದ್ದರು.

ಕಡೆಗೆ ತಿಳಿದದ್ದೇನೆಂದರೆ, ಆ ಪ್ರೋಟೀನು ಮೊದಲು ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ಪೊರೆಯ ಮೇಲೆ ಇರುತ್ತದೆ. ಅಷ್ಟೇ ಅಲ್ಲ, ಒಂದೇ ಕಡೆ ಕೂರದೆ ಪೊರೆಯ ಮೇಲೆಯೇ ಮೆಲ್ಲನೆ ಜರುಗುತ್ತದೆ. ಮೊದಲಿನ ಅಳತೆಯಲ್ಲಿ ಅದು ಜರುಗುವ ಮೊದಲೇ ದೀಪ ಆರಿ, ಆ ನಡಿಗೆ ಯಾರಿಗೂ ಕಂಡಿರಲಿಲ್ಲ. ಹೊಸ ಲೇಖನ ಮೊದಲಿನದಕ್ಕಿಂತ ಚಿಕ್ಕ ಪತ್ರಿಕೆಯಲ್ಲಿ ಬಂತು. ಸದ್ದಾಗಲಿಲ್ಲ. ಪಕ್ಕದ ಲ್ಯಾಬಿನವರು ಮಾತ್ರ ತಮ್ಮ ಔಷಧಿಯ ಪರೀಕ್ಷೆಯನ್ನು ಅದರಂತೆ ಮತ್ತೆ ಹೂಡಿದರು.

ಅದೇ ವರ್ಷ ಸಂಸ್ಥೆಯು ಎಲ್ಲ ಲ್ಯಾಬುಗಳೂ ಹಂಚಿಕೊಳ್ಳುವಂತೆ ಒಂದು ದೊಡ್ಡ ಸೂಕ್ಷ್ಮದರ್ಶಕವನ್ನು ತರಿಸಿತು. ಅದನ್ನು ನೋಡಿಕೊಳ್ಳಲು, ಬಳಸುವವರಿಗೆ ದಾರಿ ತೋರಿಸಲು ಒಬ್ಬರು ಬೇಕಾಗಿತ್ತು. ಹುದ್ದೆ ಕಾಯಂ, ಆದರೆ ದರ್ಜೆಯಲ್ಲಿ ಒಂದು ಮೆಟ್ಟಿಲು ಕೆಳಗೆ. ನಿನಗೆ ಇದು ಬೇಡಮ್ಮ, ಇನ್ನೊಂದು ವರ್ಷ ಕಾದರೆ ಒಳ್ಳೆಯದು ಸಿಗುತ್ತದೆ ಎಂದು ಪ್ರೊಫೆಸರ್ ಹೇಳಿನೋಡಿದರು. ಅವಳು ಅರ್ಜಿ ಹಾಕಿದಳು. ಸಂದರ್ಶನಕ್ಕೆ ಒಳಗೆ ಹೋದರೆ ಎದುರಿಗೆ ಕುಳಿತವರು ಅದೇ ದಪ್ಪ ಹುಬ್ಬಿನ ಹಿರಿಯರು. “ದೀಪದ ಆಯಸ್ಸು ಅಳೆದವರು ನೀವೇ ಅಲ್ವಾ?” ಎಂದು ಕೇಳಿದರು. ಹೌದೆಂದಳು. ತಮ್ಮ ಲ್ಯಾಬಿನ ಹಳೆಯ ಚಿತ್ರಗಳನ್ನೂ ಒಮ್ಮೆ ನೋಡಿಕೊಡಲು ಆಗುತ್ತದೆಯೇ ಎಂದು ಅವರು ಕೇಳಿದರು. ಸಂದರ್ಶನದಲ್ಲಿ ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ.

ಈಗ ಆ ಕೋಣೆ ಅವಳದು. ಹೊಸ ಅಣುವನ್ನು ಹಿಡಿದು ಬಂದವರು ಮೊದಲ ದಿನ ಬದುಕಿರುವ ಕೋಶದಲ್ಲಿ, ಪ್ರಖರ ಮತ್ತು ಮಂಕು ಎರಡೂ ಬೆಳಕಿನಲ್ಲಿ ಬಣ್ಣದ ಪರೀಕ್ಷೆ ಮಾಡಿ ತೋರಿಸಬೇಕು. ತೋರಿಸದವರಿಗೆ ಎರಡನೆಯ ದಿನ ಯಂತ್ರ ಸಿಗುವುದಿಲ್ಲ. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಬಿಳಿಗಡ್ಡದ ಪ್ರೊಫೆಸರರೂ ಸಾಲಿನಲ್ಲಿ ನಿಲ್ಲುತ್ತಾರೆ. ಬೆನ್ನ ಹಿಂದೆ ಅವಳನ್ನು ‘ತನಿಖಾಧಿಕಾರಿ’ ಎನ್ನುತ್ತಾರಂತೆ. ಅತ್ತೆಯವರಿಗೆ ಈ ಹೆಸರು ಬಹಳ ಹಿಡಿಸಿದೆ. ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನಿಗೂ ಅದನ್ನು ಹೇಳಿ ಕಳುಹಿಸುತ್ತಾರೆ.

ವಾರಕ್ಕೆ ಎರಡು ಬೆಳಗ್ಗೆ ಮಾತ್ರ ಯಂತ್ರವನ್ನು ತನಗಾಗಿ ಇಟ್ಟುಕೊಂಡಿದ್ದಾಳೆ. ಆ ಜರುಗುವ ಪ್ರೋಟೀನನ್ನು ಇನ್ನೂ ಬಿಟ್ಟಿಲ್ಲ. ಈಗ ಅವಳು ಆರಿಸಿಕೊಂಡಿರುವುದು ಗಾಜಿನ ಮೇಲೆ ತೆವಳಿಕೊಂಡು ಹೋಗುವ ಜಾತಿಯ ಕೋಶಗಳನ್ನು. ಕೋಶ ಯಾವ ಕಡೆ ಹೊರಡುತ್ತದೆಯೋ ಆ ಕಡೆಯ ಪೊರೆಗೆ ಈ ಅಣುಗಳು ಮೊದಲೇ ಬಂದು ಸೇರುತ್ತವೆಯೇ, ಅಥವಾ ಕೋಶ ಹೊರಟ ಮೇಲೆ ಬರುತ್ತವೆಯೇ ಎಂಬುದು ಅವಳ ಪ್ರಶ್ನೆ. ಮೊನ್ನೆ ಮೆಟ್ಟಿಲ ಬಳಿ ಸಿಕ್ಕಾಗ ಹೇಗೆ ನಡೆಯುತ್ತಿದೆ ಎಂದು ಕೇಳಿದೆ. ದೀಪ ಚೆನ್ನಾಗಿ ಉರಿಯುತ್ತಿದೆ, ಚುಕ್ಕಿಯೂ ಸ್ಪಷ್ಟವಾಗಿ ಕಾಣುತ್ತಿದೆ, ಆದರೆ ಇನ್ನೇನು ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ಕೋಶವೇ ಎದ್ದು ಕಂಪ್ಯೂಟರ್ ಪರದೆಯ ಅಂಚು ದಾಟಿ ಹೊರಟುಹೋಗುತ್ತದೆ ಎಂದಳು. ಆ ಬೆಳಗ್ಗೆಯೆಲ್ಲ ಗಾಜನ್ನು ಸರಿಸುವ ಸೂಕ್ಷ್ಮದರ್ಶಕದ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಅದರ ಹಿಂದೆಯೇ ಹೋಗಿದ್ದಳಂತೆ.